ಅಕ್ಕನ ಪರದೆಗೆ ಬೆನ್ನು ಮಾಡಿ

ಮೋತುಹಿವ ದ್ವೀಪಕ್ಕೆ ಎಂಟು ಕಂಪ್ಯೂಟರುಗಳು ಬಂದಿಳಿದ ದಿನ ಸಮುದ್ರ ಒಂದು ಗೇಣು ಮೇಲೆದ್ದಿತ್ತು. ಒಂದೊಂದು ಪರದೆಯೂ ಬಸುರಿ ಹಂದಿಯಷ್ಟು ಭಾರ. ದೋಣಿ ಎಷ್ಟು ಕುಸಿದಿತ್ತೆಂದರೆ, ಮೀನುಗಳು ಅದರ ಅಂಚಿಗೆ ಗದ್ದ ಊರಿ ಒಳಗೇನಿದೆ ಎಂದು ಇಣುಕಿದವು. ನ್ಯೂಜಿಲೆಂಡಿನ ಯಾವುದೋ ಕಚೇರಿಯವರು ಸಾಕೆಂದು ಎತ್ತಿಟ್ಟಿದ್ದ ಯಂತ್ರಗಳು ಅವು. ಒಂದರ ಬೆನ್ನು ಬಿಚ್ಚಿದಾಗ ಒಳಗಿದ್ದ ಹಲ್ಲಿಗೆ ಮರಿಮಕ್ಕಳಿದ್ದವು.

ಇಂಥ ಹೆಣಗಳಿಗೆ ಜೀವ ತುಂಬಿ ಮೇಜಿನ ಮೇಲೆ ಕೂರಿಸಿದವನು ಫೆಲೆಟಿ. ಆಕ್ಲೆಂಡಿನ ಒಂದು ಗೋದಾಮಿನಲ್ಲಿ ಆರು ವರ್ಷ ಕಂಪ್ಯೂಟರಿನ ಮುಂದೆ ಕೂತು, ಊರಿನ ಬಿಸಿಲು ನೆನಪಾಗಿ ವಾಪಸು ಬಂದವನು. ತೋಂಗಾ ರಾಜ್ಯದ ಅಷ್ಟೂ ದ್ವೀಪಗಳಲ್ಲಿ ಅವನಂಥ ಮೇಷ್ಟ್ರು ಇನ್ನೊಬ್ಬನಿರಲಿಲ್ಲ. ಇದ್ದರೂ ಅವನಿಗೆ ಇಷ್ಟು ದೊಡ್ಡ ಹೊಟ್ಟೆ ಇರಲಿಲ್ಲ. ಚರ್ಚಿನ ಹಿಂದಿನ ಸಭಾಂಗಣದಲ್ಲಿ, ಮಧ್ಯಾಹ್ನ ಎರಡಕ್ಕೆ ಜನರೇಟರು ಗುಡುಗಿದೊಡನೆ ಅವನ ಪಾಠ ಶುರುವಾಗುತ್ತಿತ್ತು. ಹದಿನಾಲ್ಕು ಮಂದಿ ವಿದ್ಯಾರ್ಥಿಗಳು. ಅವರಲ್ಲಿ ಎಲ್ಲರಿಗಿಂತ ಕಿರಿಯಳ ವಯಸ್ಸು ಐವತ್ತೊಂದು.

"ಇದು ಡೆಸ್ಕ್‌ಟಾಪು. ಮನೇಲಿ ಚಾಪೆ ಹಾಸ್ಕೊಂಡು, ಬೇಕಾದ್ದೆಲ್ಲ ಕೈಗೆ ಸಿಗೋ ಹಾಗೆ ಇಟ್ಕೊಂಡು ಕೂರ್ತೀರಲ್ಲ, ಹಾಗೆ ಇದು. ಇದು ಫೋಲ್ಡರು, ಅಂದ್ರೆ ಬುಟ್ಟಿ. ಬುಟ್ಟಿಯೊಳಗೆ ಬುಟ್ಟಿ, ಅದರೊಳಗೆ ಇನ್ನೊಂದು ಬುಟ್ಟಿ. ಕೊನೇ ಬುಟ್ಟೀಲಿ ಮಡಿಸಿಟ್ಟ ನಾರುಬಟ್ಟೆ ಇರುತ್ತಲ್ಲ, ಅದೇ ಫೈಲು."

"ಅಳಿಸಿದ್ದು ಎಲ್ಲಿಗೆ ಹೋಗುತ್ತಪ್ಪ?" ಎಂದು ಕೇಳಿದವಳು ಲೊಸಾಲಿಯ. ನಾರುಬಟ್ಟೆ ಬಡಿಯುವ ಹೆಂಗಸರ ಗುಂಪಿಗೆ ಯಜಮಾನಿ. ನಲವತ್ತು ವರ್ಷ ತೊಗಟೆ ಬಡಿದ ಅವಳ ತೋಳಿನ ದೆಸೆಯಿಂದ ಮೊದಲ ವಾರದಲ್ಲೇ ಮೂರು ಕೀಬೋರ್ಡುಗಳು ಸ್ವರ್ಗಸ್ಥವಾಗಿದ್ದವು.

"ರೀಸೈಕಲ್ ಬಿನ್ನಿಗೆ, ಲೊಸಾಲಿಯಮ್ಮ. ಹಂದಿ ತೊಟ್ಟಿ ಅಂದ್ಕೊಳ್ಳಿ. ಹಂದಿ ಬಾಯಿ ಹಾಕೋಕೆ ಮುಂಚೆ ಎತ್ಕೋಬಹುದು."

"ಬಾಯಿ ಹಾಕಿದ ಮೇಲೆ?"

"ಹೋಯ್ತು ಅಂದ್ರೆ ಹೋಯ್ತು."

"ಹಂಗಾದ್ರೆ ನಮ್ಮನೇಲಿರೋದು ಗಂಡ ಅಲ್ಲ ಕಣ್ರೇ, ರೀಸೈಕಲ್ ಬಿನ್ನು!" ಎಂದಳು ಲೊಸಾಲಿಯ. ಆ ದಿನದ ನಗುವಿಗೆ ಚಾವಣಿಯ ತಗಡು ಎರಡು ಮೊಳೆ ಕಳಚಿಕೊಂಡಿತು.

ಮೂಲೆಯಲ್ಲಿ, ಕಿಟಕಿಯ ಪಕ್ಕ, ಎಂಟನೆಯ ಯಂತ್ರ. ಅದಕ್ಕೆ ಮಾತ್ರ ಎರಡು ಕುರ್ಚಿ. ಒಂದರಲ್ಲಿ ಫೆಲೆಟಿಯ ಅಕ್ಕ ಅಕನೆಸಿ, ಇನ್ನೊಂದರಲ್ಲಿ ಅವಳ ಗಂಡ ತಾನಿಯೆಲ.

ತಾನಿಯೆಲನ ಗಂಟಲು ಹಾಪಾಯಿ ದ್ವೀಪಗಳಿಗೆಲ್ಲ ಹೆಸರಾಗಿದ್ದ ಗಂಟಲು. ಅವನು ಬೆಳಿಗ್ಗೆ ಎದ್ದು ತನ್ನ ಹಂದಿಗಳನ್ನು ಕರೆದರೆ ಪಕ್ಕದ ದ್ವೀಪದ ಹಂದಿಗಳೂ ಈಜಿಕೊಂಡು ಬರುತ್ತಿದ್ದವು. ಚರ್ಚಿನಲ್ಲಿ ಹಾಡಲು ಬಾಯಿ ತೆರೆದರೆ ಮುಂದಿನ ಸಾಲಿನ ಹೆಂಗಸರು ಟೋಪಿ ಹಿಡಿದುಕೊಳ್ಳುತ್ತಿದ್ದರು. ಆ ಗಂಟಲಲ್ಲೇ ಗಂಟು ಕಾಣಿಸಿಕೊಂಡಿತು. ಬೇಡವೆಂದವನನ್ನು ಎತ್ತಿಕೊಂಡು ಹೋದಂತೆ ಹಡಗು ಹತ್ತಿಸಿ, ರಾಜಧಾನಿ ನುಕುಅಲೋಫದ ಆಸ್ಪತ್ರೆಯಲ್ಲಿ ಕೊಯ್ಯಿಸಿ ಕರೆತಂದವನು ಭಾವಮೈದುನ ಫೆಲೆಟಿಯೇ. ಗಂಟಿನ ಜೊತೆಗೆ ದನಿಯೂ ಹೋಯಿತು. ಪೂರ್ತಿ ಹೋಯಿತು, ಪಿಸುಮಾತಿನಷ್ಟೂ ಉಳಿಯಲಿಲ್ಲ.

"ಭಾವನಿಗೆ ಬರೆದು ಮಾತಾಡೋದು ಕಲಿಸ್ತೀನಿ, ಕರ್ಕೊಂಡು ಬನ್ನಿ ಅಕ್ಕಾ" ಎಂದು ಮೊದಲ ದಿನ ಅವರಿಬ್ಬರನ್ನು ಅಲ್ಲಿ ಕೂರಿಸಿದವನೂ ಅವನೇ. ಉಳಿದ ವಿದ್ಯಾರ್ಥಿಗಳೆಲ್ಲ ಬುಟ್ಟಿಯೊಳಗಿನ ಬುಟ್ಟಿಯೊಳಗಿನ ಬುಟ್ಟಿಯನ್ನು ತಾವೇ ಬಿಚ್ಚಿ ಫೈಲು ಹುಡುಕಬೇಕಿತ್ತು, ಅದೇ ಪಾಠ. ಭಾವನ ಬೆರಳು ನಡುಗುವುದನ್ನು ಕಂಡು ಫೆಲೆಟಿ ಅವನಿಗಾಗಿ ಒಂದು ಖಾಲಿ ಫೈಲು ಮಾಡಿ ಒಳಬುಟ್ಟಿಯಲ್ಲಿಟ್ಟ. ಅದನ್ನು ನೇರವಾಗಿ ತೆರೆಯಲು ಡೆಸ್ಕ್‌ಟಾಪಿನ ಮೇಲೆ 'ತಾನಿಯೆಲ' ಎಂಬ ಶಾರ್ಟ್‌ಕಟ್ ಇಟ್ಟುಕೊಟ್ಟ. "ಇದರ ಮೇಲೆ ಎರಡು ಸಲ ಒತ್ತಿ ಭಾವ, ಆಯ್ತು" ಎಂದ. ಅಂದು ಆ ಪರದೆ ನೋಡಿದ್ದೇ ಕೊನೆ. ಮುಂದೆ ಅವನು ಅತ್ತ ತಿರುಗಲಿಲ್ಲ.

ತಿರುಗುವಂತಿರಲಿಲ್ಲ. ಅಕ್ಕ ಅಂದರೆ ಅಕ್ಕ. ಮೀಸೆ ಮೂಡುವ ಮೊದಲೇ ಫೆಲೆಟಿ ಅವಳು ಮಲಗುವ ಸೂರಿನಡಿ ಮಲಗುವುದನ್ನು ಬಿಟ್ಟಿದ್ದ. ಅವಳಿರುವ ಕಡೆ ಸಿನಿಮಾ ನಡೆದರೆ ಇವನು ಹೊರಗೆ. ಯಾರಾದರೂ ಹಗುರ ಮಾತು ತೆಗೆದರೆ ಇವನು ಎದ್ದು ಹೊರಗೆ. ಆ ದ್ವೀಪದ ಪ್ರತಿ ಗಂಡಸೂ ತನ್ನ ಅಕ್ಕತಂಗಿಯರ ಎದುರು ಹಾಗೆಯೇ. ಅಂದಮೇಲೆ ಗಂಡಹೆಂಡಿರು ಆಡಿಕೊಳ್ಳುವ ಮಾತು ಅಕ್ಷರವಾಗಿ ಬೆಳಗುತ್ತಿರುವ ಪರದೆಗೆ ತಮ್ಮನಾದವನು ಕಣ್ಣು ಹಾಕುವುದುಂಟೆ? ಅದಕ್ಕಿಂತ ಅವನು ತನ್ನ ಕಣ್ಣನ್ನೇ ಕಿತ್ತು ಏಡಿಗಳಿಗೆ ಹಾಕುತ್ತಿದ್ದ.

ಹೀಗೆ ಹತ್ತು ತಿಂಗಳು, ದಿನಾ ಎರಡರಿಂದ ಐದರವರೆಗೆ, ಮೋತುಹಿವದಲ್ಲಿ ಜಗತ್ತಿನಲ್ಲೆಲ್ಲೂ ಇಲ್ಲದ ಒಂದು ಸಂಸಾರ ನಡೆಯಿತು. ಗಂಡ ಒಂಟಿ ಬೆರಳಿನಲ್ಲಿ ಕುಟ್ಟುತ್ತಿದ್ದ. ಹೆಂಡತಿ ಓದಿ ಬಾಯಲ್ಲಿ ಉತ್ತರ ಕೊಡುತ್ತಿದ್ದಳು. ಇಡೀ ಸಭಾಂಗಣಕ್ಕೆ ಕೇಳುತ್ತಿದ್ದದ್ದು ಅವಳ ಅರ್ಧ ಮಾತ್ರ.

"ಥೂ! ಅಳಿಸು ಅದನ್ನ!"

ಟಕ್, ಟಕ್, ಟಕ್.

"ನಾಚಿಕೆ ಆಗಲ್ವಾ ನಿಂಗೆ? ಮುದುಕ ಆದೆ, ಇನ್ನೂ ಇಂಥದ್ದು ಬರೀತೀಯಾ?"

ಟಕ್, ಟಕ್.

ಆಮೇಲೆ ಅವಳ ನಗು. ಅಕನೆಸಿ ನಕ್ಕರೆ ಬಾವಲಿಗಳು ಹಗಲಲ್ಲೇ ಮರ ಬಿಟ್ಟು ಹಾರುತ್ತಿದ್ದವು. ನಗು ಶುರುವಾದೊಡನೆ ಫೆಲೆಟಿಯ ಕಿವಿ ಕೆಂಪಾಗುತ್ತಿತ್ತು. ಸೀಮೆಸುಣ್ಣ ಕೆಳಗಿಟ್ಟು ಜಗಲಿಗೆ ಹೋಗಿ ಸಮುದ್ರ ನೋಡುತ್ತ ನಿಲ್ಲುತ್ತಿದ್ದ.

"ಮೇಷ್ಟ್ರು ಮತ್ತೆ ಓಡಿದ್ರು!" ಎಂದು ಲೊಸಾಲಿಯ ಕೂಗುತ್ತಿದ್ದಳು. "ಏ ಅಕನೆಸಿ, ಏನು ಬರೆದ ಅಂತ ನಮಗಾದ್ರೂ ಹೇಳೇ!"

"ಹೇಳಿದ್ರೆ ನಿನ್ನ ಕೂದಲು ಮತ್ತೆ ಕಪ್ಪಾಗುತ್ತೆ, ಸುಮ್ನಿರು."

ಜಗಲಿಯಲ್ಲಿ ನಿಂತ ಫೆಲೆಟಿ ಒಳಗೊಳಗೇ ಹಿಗ್ಗುತ್ತಿದ್ದ. ಗಂಟಲಿಲ್ಲದಿದ್ದರೇನು, ಭಾವ ಭಾವನೇ. ಕೊಯ್ಯಿಸಿದ್ದು ಸಾರ್ಥಕವಾಯಿತು, ಗಂಟು ಪೂರಾ ಹೋಗಿದೆ, ಇಲ್ಲದಿದ್ದರೆ ಇಷ್ಟೊಂದು ಪೋಲಿತನ ಎಲ್ಲಿಂದ ಬಂದೀತು ಎಂದುಕೊಳ್ಳುತ್ತಿದ್ದ. ಸಂಜೆ ಕಾವಾ ಕುಡಿಯುವ ಗಂಡಸರ ನಡುವೆ ಕೂತು, "ನಮ್ಮ ಭಾವನಿಗೆ ಇನ್ನು ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದ.

ಹನ್ನೊಂದನೆಯ ತಿಂಗಳ ಒಂದು ಸೋಮವಾರ ಮೂಲೆಯ ಎರಡೂ ಕುರ್ಚಿ ಖಾಲಿ ಇದ್ದವು. ಭಾವನಿಗೆ ಸ್ವಲ್ಪ ಜ್ವರ ಎಂದು ಹೇಳಿ ಕಳಿಸಿದ್ದರು. ಆ ದಿನದ ಪಾಠ ಶಾರ್ಟ್‌ಕಟ್ಟು.

"ಇದು ಫೈಲಲ್ಲ, ಫೈಲಿನ ಕಡೆ ತೋರಿಸೋ ಬೆರಳು" ಎಂದ ಫೆಲೆಟಿ. "ಹೆಸರಿನ ಪಕ್ಕ ಸಣ್ಣ ಬಾಣ ಇದ್ರೆ ಬೆರಳು ಅಂತ ತಿಳ್ಕೊಳ್ಳಿ. ನಾನು ಇಲ್ಲಿಂದ ಲೊಸಾಲಿಯಮ್ಮನ ಮನೆ ಕಡೆ ಕೈ ಮಾಡಿ ತೋರಿಸ್ತೀನಿ. ಆ ನನ್ನ ಬೆರಳನ್ನ ಕತ್ತರಿಸ್ಕೊಂಡು ಇನ್ನೊಂದು ದ್ವೀಪಕ್ಕೆ ತಗೊಂಡು ಹೋದ್ರೆ, ಮನೆ ಜೊತೆಗೆ ಬರುತ್ತಾ?"

"ಬರಲ್ಲ, ಆದ್ರೆ ನಿನ್ನ ಬೆರಳಿನ ಸಾರು ಮಾಡಿದ್ರೆ ಹಳ್ಳಿಗೆಲ್ಲ ಊಟ ಆಗುತ್ತೆ" ಎಂದಳು ಲೊಸಾಲಿಯ.

ಅದೇ ಗುರುವಾರ ತಾನಿಯೆಲ ತೀರಿಕೊಂಡ. ಗಂಟು ಕುತ್ತಿಗೆಯಿಂದ ಎದೆಗೆ ಇಳಿದಿತ್ತಂತೆ. ಯಾರಿಗೂ ಗೊತ್ತಾಗಿರಲಿಲ್ಲ. ಹೆಣ ಮಣ್ಣು ಮಾಡುವಾಗ ಹಾಡಿದ ಹಾಡಿಗೆ ಹವಳದ ದಿಬ್ಬಗಳು ಬಿರಿದವು ಎಂದು ಈಗಲೂ ಹೇಳುತ್ತಾರೆ. ಆ ಹಾಡಿನಲ್ಲೂ ಮಂದ್ರದ ಸಾಲು ಹಿಡಿಯುವವನೊಬ್ಬ ಇರಲಿಲ್ಲ.

ಒಂದು ತಿಂಗಳು ಕಳೆದು ಅಕನೆಸಿ ಮತ್ತೆ ಸಭಾಂಗಣಕ್ಕೆ ಬಂದಳು. ಕಪ್ಪು ಬಟ್ಟೆ, ಅದರ ಮೇಲೆ ಸಾವಿನ ಮನೆಯವರು ಉಡುವಂತೆ ಎದೆಯವರೆಗೆ ಸುತ್ತಿದ ದೊಡ್ಡ ಚಾಪೆ. ಎರಡು ಕುರ್ಚಿಯಲ್ಲಿ ತನ್ನದರಲ್ಲೇ ಕೂತು 'ತಾನಿಯೆಲ' ಮೇಲೆ ಎರಡು ಸಲ ಒತ್ತಿದಳು. ಐದು ಗಂಟೆಯವರೆಗೂ ಓದಿದಳು. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಬಾಯಲ್ಲಿ ಒಂದು ಮಾತಿಲ್ಲ. ಬಟ್ಟೆ ಒಗೆಯುವುದಕ್ಕೂ ಬೇಲಿ ಕಟ್ಟುವುದಕ್ಕೂ ಗಂಡನನ್ನು ಕೇಳಬೇಕೆನಿಸಿದಾಗ ಇಲ್ಲಿಗೆ ಬಂದು ಓದಿ ಹೋಗುತ್ತಿದ್ದಳು. ಪ್ರಿಂಟರು ಒಂದಿದ್ದರೆ ಕಾಗದಕ್ಕಾದರೂ ಇಳಿಸಬಹುದಿತ್ತು. ಬಂದಿದ್ದ ಒಂದೇ ಒಂದು ಪ್ರಿಂಟರಿಗೆ ಉಪ್ಪುಗಾಳಿ ಮೂರೇ ವಾರದಲ್ಲಿ ಮಣ್ಣು ಮುಕ್ಕಿಸಿತ್ತು.

ಅಷ್ಟರಲ್ಲಿ ರಾಜಧಾನಿಯಿಂದ ಹೊಸ ಸಾಫ್ಟ್‌ವೇರಿನ ತಟ್ಟೆ ಬಂತು. ಎಂಟೂ ಯಂತ್ರಗಳಿಗೆ ವೈರಸ್ಸು ಹಿಡಿದು ಆಮೆಗಳೇ ಅವುಗಳನ್ನು ಹಿಂದಿಕ್ಕುತ್ತಿದ್ದ ಕಾಲ ಅದು. ಎಲ್ಲವನ್ನೂ ಒರೆಸಿ, ಹೊಸದು ಹಾಕಬೇಕು.

"ಇದಕ್ಕೆ ಫಾರ್ಮ್ಯಾಟ್ ಅಂತಾರೆ" ಎಂದು ಫೆಲೆಟಿ ಎಲ್ಲರಿಗೂ ಹೇಳಿದ. "ಚಂಡಮಾರುತ ಬಂದುಹೋದ ಹಾಗೆ. ಬುಟ್ಟಿ, ಚಾಪೆ, ಏನೂ ಉಳಿಯಲ್ಲ. ಹಂದಿ ತೊಟ್ಟೀನೂ ಉಳಿಯಲ್ಲ. ಆದ್ದರಿಂದ ನಿಮ್ಮ ನಿಮ್ಮ ಫೈಲು ಪೆನ್‌ಡ್ರೈವಿಗೆ ತುಂಬ್ಕೊಳ್ಳಿ."

ಒಂದೊಂದೇ ಯಂತ್ರದ ಬಳಿ ನಿಂತು, ಒಂದೊಂದೇ ಪೆನ್‌ಡ್ರೈವನ್ನು ತಾನೇ ತೆರೆದು, ಇದೆಯೋ ಇಲ್ಲವೋ ಎಂದು ಮೂರು ಸಲ ನೋಡಿದ. ಲೊಸಾಲಿಯ ತನ್ನ ನಾರುಬಟ್ಟೆಯ ಪಟ್ಟಿಯನ್ನು ಹಂದಿ ತೊಟ್ಟಿಗೆ ಎಳೆದು ಹಾಕಿದ್ದಳು, ಅದನ್ನೂ ಎತ್ತಿಕೊಟ್ಟ. ಒಬ್ಬರ ಒಂದು ಅಕ್ಷರವೂ ಹೋಗಲಿಲ್ಲ. ಅಷ್ಟು ಎಚ್ಚರ. ಕೊನೆಗೆ ಮೂಲೆಗೆ ಬಂದು, ಮೂರು ಮಾರು ದೂರದಲ್ಲಿ, ಬೆನ್ನು ತಿರುಗಿಸಿ ನಿಂತ.

"ಪೆನ್‌ಡ್ರೈವು ಹಾಕಿದೀರಾ ಅಕ್ಕಾ?"

"ಹಾಕಿದೀನಿ ತಮ್ಮಾ. ಚಾಪೆ ಮೇಲೆ ಅವನ ಹೆಸರಿದೆಯಲ್ಲ, ಅದನ್ನೇ ಎಳೀಲಾ?"

"ಹ್ಞೂಂ, ಅದನ್ನೇ. ಬಂತಾ?"

"ಬಂತು. ತಾನಿಯೆಲ ಅಂತ ಇದೆ."

"ಪೆನ್‌ಡ್ರೈವಲ್ಲಿರೋದನ್ನ ಒಂದು ಸಲ ತೆರೆದು ನೋಡಿಬಿಡಿ ಅಕ್ಕಾ. ತೆರೀತಾ?"

ಹೊತ್ತು ಹಿಡಿಯಿತು. "ತೆರೀತು" ಎಂದಳು. "ಎಲ್ಲ ಇದೆ. ಮೊದಲಿಂದ ಕೊನೇವರೆಗೂ ಇದೆ."

ಇರಲೇಬೇಕಲ್ಲ. ಬೆರಳು ಪೆನ್‌ಡ್ರೈವಿನೊಳಗೆ ಕೂತು ಅಲ್ಲಿಂದಲೇ ಒಳಬುಟ್ಟಿಯ ಕಡೆ ತೋರಿಸುತ್ತಿತ್ತು, ಬುಟ್ಟಿ ಇನ್ನೂ ಅದೇ ಯಂತ್ರದಲ್ಲಿತ್ತು. ಹತ್ತು ತಿಂಗಳ ಮೇಲಿನ ಮಾತು, ಆ ಬೆರಳು ನೆಟ್ಟವನಿಗೇ ಮರೆತುಹೋಗಿತ್ತು. ತಿರುಗಿ ನೋಡಿದ್ದರೆ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡೇ, ಎಷ್ಟು ದೊಡ್ಡದೆಂದು ತೋರಿಸುತ್ತಿದೆ ಅಕ್ಕಾ ಎಂದು ಕೇಳಿದ್ದರೂ ಸಾಕಿತ್ತು. ಒಂದು ಕಿಲೋಬೈಟು ಎನ್ನುತ್ತಿದ್ದಳು. ಭಾವನ ಹತ್ತು ತಿಂಗಳ ಮಾತು ಒಂದು ಕಿಲೋಬೈಟಿನಲ್ಲಿ ಹಿಡಿಸುವುದಿಲ್ಲವೆಂದು ಫೆಲೆಟಿಗೆ ನಿದ್ದೆಯಲ್ಲೂ ಗೊತ್ತಿತ್ತು. ಕೇಳಲಿಲ್ಲ.

ಶುಕ್ರವಾರ ಮತ್ತು ಶನಿವಾರ ಎಂಟೂ ಯಂತ್ರಗಳನ್ನು ಅವನೇ ತನ್ನ ಕೈಯಾರೆ ಒರೆಸಿದ.

ಸೋಮವಾರ ಎರಡು ಗಂಟೆಗೆ ಎಲ್ಲರೂ ಬಂದರು. ಹೊಸ ಡೆಸ್ಕ್‌ಟಾಪಿನ ನೀಲಿಯನ್ನು ನೋಡಿ ಲೊಸಾಲಿಯ, "ನಮ್ಮ ಸಮುದ್ರಕ್ಕೆ ಇಷ್ಟು ಬಣ್ಣ ಇಲ್ವಲ್ಲೋ" ಎಂದು ಬೆರಗಾದಳು. ಮೂಲೆಯಿಂದ ಅಕನೆಸಿ ಕರೆದಳು.

"ತಮ್ಮಾ, ಇದು ತೆರೀತಿಲ್ಲ."

ಅವನು ಬೆನ್ನು ಮಾಡಿಯೇ ನಿಂತ. "ಎರಡು ಸಲ ಬೇಗ ಬೇಗ ಒತ್ತಿ ಅಕ್ಕಾ."

"ಒತ್ತಿದೆ. ಏನೋ ಬರೀತಿದೆ. ಇದು ತೋರಿಸೋ ವಸ್ತು ಸಿಗ್ತಿಲ್ಲ, ಅಂತ."

ಅಲ್ಲಿಯವರೆಗೆ ಲೊಟಗುಟ್ಟುತ್ತಿದ್ದ ಕೀಬೋರ್ಡುಗಳೆಲ್ಲ ನಿಂತವು.

"ಅಕ್ಕಾ... ಹೆಸರಿನ ಪಕ್ಕ ಸಣ್ಣದೊಂದು ಬಾಣದ ಗುರುತು ಇದೆಯಾ?"

"ಇದೆ. ಮೊದಲಿಂದ್ಲೂ ಇತ್ತಲ್ಲ."

ಹನ್ನೆರಡು ಮಂದಿ ಅಂದು ಆ ಪಾಠ ಕೇಳಿದ್ದವರು. ಅವರಲ್ಲಿ ಲೊಸಾಲಿಯ ಎದ್ದು ಹೋಗಿ ಅಕನೆಸಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ತೊಗಟೆ ಬಡಿಯುವ ಆ ಕೈಯಲ್ಲಿ ಅವಳ ಕೈ ಹಿಡಿದುಕೊಂಡು, ಬೆರಳಿನ ವಿಷಯ ಹೇಳಿದಳು. ಫೆಲೆಟಿ ಹೇಳಬೇಕಿತ್ತು.

ಅಕನೆಸಿ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಮನೆ ಎಲ್ಲಿದೆ?" ಎಂದಳು.



"ನಾವೆಲ್ಲ ಇದ್ದೀವಲ್ಲೇ" ಎಂದಳು ಲೊಸಾಲಿಯ. "ದಿನಾ ಕೇಳ್ತಿದ್ವಿ. ಒಂದೊಂದೇ ನೆನಪು ಮಾಡ್ಕೊಂಡು ಮತ್ತೆ ಬರೆಯೋಣ. ಅವತ್ತೊಂದು ದಿನ ನೀನು, ಎರಡು ಕೈಯಲ್ಲೂ ಹೊಡೀತೀನಿ ನೋಡು, ಅಂದೆ. ಅವನೇನು ಬರೆದಿದ್ದ?"

ಅಕನೆಸಿ ಕಣ್ಣು ಮುಚ್ಚಿದಳು. ಇನ್ನೊಬ್ಬಳು, "ಮಳೆ ಬಂದ ದಿನ, ನಿನ್ನ ಮೂಗು ನೋಡ್ಕೋ ಮೊದಲು, ಅಂದಿದ್ದೆ" ಎಂದಳು. ಮತ್ತೊಬ್ಬರು ಇನ್ನೊಂದು ನೆನಪಿಸಿದರು. ಹತ್ತು ತಿಂಗಳ ಅವಳ ಮಾತುಗಳನ್ನು ಆ ಸಭಾಂಗಣ ಒಂದೂ ಬಿಡದೆ ಎತ್ತಿಟ್ಟುಕೊಂಡಿತ್ತು. ಎಲ್ಲ ಅವಳವೇ. ಅವನದೊಂದೂ ಇರಲಿಲ್ಲ.

"ನೆನಪಿಲ್ಲ" ಎಂದಳು ಅಕನೆಸಿ. "ಬರೆದಿಟ್ಟಿದೆ ಅಂತ ನಾನು ನೆನಪಲ್ಲಿ ಇಟ್ಕೊಳ್ಳೇ ಇಲ್ಲ."

ಚಾಪೆ ಸರಿಮಾಡಿಕೊಂಡು ಎದ್ದು ಹೋದಳು. ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಫೆಲೆಟಿ ಆ ಬೈಗುಳವನ್ನು ಕೊರಳಿಗೆ ಕಟ್ಟಿಕೊಂಡು ಸಮುದ್ರಕ್ಕೆ ಹಾರಿ ಹಗುರಾಗುತ್ತಿದ್ದನೇನೋ.

ಮರುದಿನದ ಹಡಗಿಗೆ ಅವನು ಎಂಟನೆಯ ಯಂತ್ರದ ಹಾರ್ಡ್‌ಡಿಸ್ಕು ಬಿಚ್ಚಿ, ಮೂರು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗೊತ್ತಿಕೊಂಡು ಹತ್ತಿದ. ಹಡಗು ಎಂಟು ಸಾವಿರ ಸಲ ಹೊರಳಿತು. ಅವನು ಡಿಸ್ಕನ್ನು ನೆಲಕ್ಕಿಡಲಿಲ್ಲ.

ನುಕುಅಲೋಫದ ಮಾರುಕಟ್ಟೆಯ ಹಿಂದೆ ಸೆಮಿಸಿ ಎಂಬವನ ರಿಪೇರಿ ಅಂಗಡಿ. ಬಿಳಿಯ ಗಡ್ಡ, ಮೂಗಿನ ತುದಿಗೆ ಕನ್ನಡಕ. ಸತ್ತ ಕಂಪ್ಯೂಟರಿನ ಬಾಯಿಂದ ಸಾಕ್ಷಿ ಹೇಳಿಸುತ್ತಾನೆ ಎಂದು ಅವನ ಖ್ಯಾತಿ. ಡಿಸ್ಕನ್ನು ಜೋಡಿಸಿ ಒಂದು ಇಡೀ ಹಗಲು ಅದರ ಹೊಟ್ಟೆ ಕೆದಕಿದ.

"ಒರೆಸಿದ್ದಕ್ಕೆ ತೊಂದ್ರೆ ಇರಲಿಲ್ಲಪ್ಪ" ಎಂದ. "ಬರೀ ಒರೆಸಿದ್ರೆ ಅಕ್ಷರ ಅಡಿಯಲ್ಲಿ ಇರ್ತಾವೆ. ನೀನು ಅದರ ಮೇಲೆ ಹೊಸದು ತುಂಬಿದೀಯ."

"ಏನೂ ಇಲ್ವಾ ಸೆಮಿಸಿ?"

"ಚೂರುಚೂರು ಇದೆ. ಒಂದಾರುನೂರು ತುಂಡು. ಯಾರದು ಯಾವುದು ಅಂತ ನನಗೆ ಹೆಂಗೆ ಗೊತ್ತಾಗಬೇಕು? ನೀನೇ ಕೂತು ಓದಿ ನಿನ್ನದು ಆರಿಸ್ಕೋ."

"ನಾನಾ?"

"ಮತ್ತೆ ನಮ್ಮಜ್ಜಿನಾ?"

"ಅದು... ನಮ್ಮಕ್ಕ ಮತ್ತೆ ಭಾವನ ಮಾತು ಸೆಮಿಸಿ."

ಸೆಮಿಸಿಯೂ ತೋಂಗಾದವನೇ. ಕನ್ನಡಕ ತೆಗೆದು ಒರೆಸಿದ. "ನಾನು ಓದಬಹುದು. ಆದ್ರೆ ನನಗೆ ಅವರು ಗೊತ್ತಿಲ್ಲ. ಗೊತ್ತಿರೋನು ನೀನೊಬ್ನೇ" ಎಂದ. ಎದ್ದು, ಅಂಗಡಿಯ ಪರದೆ ಎಳೆದು, ತಾನು ಬೀದಿಯ ಕಡೆ ಹೋಗಿ ಕೂತ.

ಫೆಲೆಟಿ ಬೈಬಲು ಮುಟ್ಟುವಂತೆ ಮೌಸು ಮುಟ್ಟಿದ. ಕಿವಿ ಕೆಂಡದಂತಾಗಿ ಅಂಗಡಿಯಲ್ಲಿ ಬೇರೆ ದೀಪ ಬೇಕಿರಲಿಲ್ಲ. ಎರಡು ದಿನ ಓದಿದ. ಆ ಯಂತ್ರ ಆಕ್ಲೆಂಡಿನಲ್ಲಿ ದುಡಿದ ಕಾಲದ ಕುರ್ಚಿ ಮೇಜಿನ ಪಟ್ಟಿ ಸಿಕ್ಕಿತು, ಯಾರದೋ ಪತ್ರದ ಬಾಲ ಸಿಕ್ಕಿತು, ನೂರಾರು ತುಂಡು ಬರೀ ಚುಕ್ಕೆ ಗೆರೆ. ಎರಡನೆಯ ದಿನ ಮಧ್ಯಾಹ್ನ ಮೊದಲ ತುಂಡು ಸಿಕ್ಕಿತು. ಹಗುರ ಮಾತಿಗೆ ಸಿದ್ಧನಾಗಿ ಹಲ್ಲು ಕಚ್ಚಿ ಓದಿದ.

"ಇವತ್ತು ನೋವು ಕಿವೀವರೆಗೂ ಬಂದಿದೆ. ನಗು. ಜೋರಾಗಿ ನಗು, ಪೋಲಿ ಮಾತು ಬರೆದೆ ಅಂದ್ಕೊಂಡು ನಿನ್ನ ತಮ್ಮ ಹೊರಗೆ ಹೋಗ್ಲಿ. ಅವನಿಗೆ ಗೊತ್ತಾದ್ರೆ ಮತ್ತೆ ಹಡಗು ಹತ್ತಿಸಿ ಕೊಯ್ಯಿಸ್ತಾನೆ. ನನಗೆ ಇಲ್ಲೇ"

ಅಲ್ಲಿಗೆ ತುಂಡು ಮುಗಿದಿತ್ತು.

ಇನ್ನೊಂದು: "ಸಾಯೋ ಮಾತು ಬರೆದ್ರೆ ಅಳಿಸು ಅಂತೀಯ. ಅಳಿಸಿದ್ರೆ ಸಾಯಲ್ವಾ? ಅವನು ಜಗಲೀಲಿ ಇದ್ದಾನಾ ನೋಡು. ಇದ್ರೆ ಬೈಯಿ ನನ್ನ, ಚೆನ್ನಾಗಿ ಬೈಯಿ"

ಮೂರನೆಯದು ಮೂರೇ ಪದ: "ಹೆದರಿಕೆ ಆಗ್ತಿದೆ ಅಕನೆಸಿ"

ಆರುನೂರು ತುಂಡಿನಲ್ಲಿ ಇಷ್ಟೇ ಭಾವನವು. ಫೆಲೆಟಿ ಮತ್ತೊಮ್ಮೆ ಮೊದಲಿಂದ ಹುಡುಕಿದ. ಒಂದಾದರೂ ಪೋಲಿ ಮಾತು, ಒಂದಾದರೂ ತಮಾಷೆ ಸಿಗಲಿ ಎಂದು, ಅಕ್ಕನ ಗಂಡನ ಹಗುರ ಮಾತಿಗಾಗಿ ತಮ್ಮನಾದವನು ದೇವರಲ್ಲಿ ಬೇಡಿಕೊಂಡ. ಸಿಗಲಿಲ್ಲ. ಅವನು ಹೊರಗೆ ಹೋಗಿ ಸಮುದ್ರ ನೋಡುತ್ತ ಹಿಗ್ಗಿದ ಒಂದೊಂದು ಮಧ್ಯಾಹ್ನವೂ ಈಗ ಎದುರು ಬಂದು ನಿಂತಿತು. ಅಕ್ಕ ಎಷ್ಟು ಜೋರಾಗಿ ನಗುತ್ತಿದ್ದಳೋ ಅಂದು ಭಾವನಿಗೆ ಅಷ್ಟು ನೋವಿತ್ತು.

ಪರದೆ ಸರಿಸಿ ಸೆಮಿಸಿ ಒಳಗೆ ಬಂದ. ಮೂರು ತುಂಡನ್ನೂ ಒಂದೇ ಕಾಗದಕ್ಕೆ ಇಳಿಸಿಕೊಟ್ಟ. ಅದರಲ್ಲಿ ಮುಕ್ಕಾಲು ಕಾಗದ ಖಾಲಿಯಿತ್ತು.

ಮೋತುಹಿವಕ್ಕೆ ಇಳಿದವನು ಮನೆಗೆ ಹೋಗಲಿಲ್ಲ. ಹರಿದು ಜೂಲಾದ ಚಾಪೆಯೊಂದನ್ನು ಸೊಂಟಕ್ಕೆ ಸುತ್ತಿ, ಇಫಿ ಮರದ ಎಲೆಯ ಮಾಲೆ ಕೊರಳಿಗೆ ಹಾಕಿಕೊಂಡು, ಅಕ್ಕನ ಅಂಗಳದಲ್ಲಿ ನೆಲದ ಮೇಲೆ ತಲೆ ತಗ್ಗಿಸಿ ಕೂತ. ತಪ್ಪು ಮಾಡಿದವನು ಹಾಗೇ ಬರಬೇಕು. ನೊಂದವರು ಬಂದು ಮಾಲೆ ತೆಗೆದರೆ ಕ್ಷಮೆ ಸಿಕ್ಕಿತೆಂದು ಅರ್ಥ. ಹಳೆಯ ಕಾಲದಲ್ಲಿ ಅರಸರ ಮುಂದೆ ಹೀಗೆ ಕೂತವರಿದ್ದಾರೆ. ಅವರು ಯಾರೂ ಇಷ್ಟು ಕುಗ್ಗಿ ಕೂತಿರಲಾರರು. ಆನೆಯಂಥ ಆಳು ಒಂದು ತೆಂಗಿನಕಾಯಿಯಷ್ಟಾಗಿದ್ದ.

ಅಕನೆಸಿ ಬಾಗಿಲಿಗೆ ಬಂದಳು. "ಎಷ್ಟು ಸಿಕ್ತು?"

ಅವನು ತಲೆ ಎತ್ತದೆ ಕಾಗದ ಚಾಚಿದ. ಅವಳು ಬಂದು ತೆಗೆದುಕೊಂಡು, ಮತ್ತೆ ಬಾಗಿಲಿಗೆ ಹೋಗಿ ಓದಿದಳು. ಓದಲು ಎಷ್ಟು ಹೊತ್ತು ಬೇಕು? ಆದರೂ ಬಿಸಿಲು ಅಂಗಳದ ಅರ್ಧ ದಾಟುವಷ್ಟು ಹೊತ್ತು ಓದಿದಳು.

"ನೀನು ಓದಿದೆಯಾ?"

"ಓದಿದೆ ಅಕ್ಕಾ."

"ಎಲ್ಲಾನೂ?"

"ಎಲ್ಲಾನೂ."

"ನಿಂಗೊಬ್ಬನಿಗೆ ಗೊತ್ತಾಗಬಾರದು ಅಂತ ಹತ್ತು ತಿಂಗಳು ನಕ್ಕೆ ಕಣೋ. ನಕ್ಕೂ ನಕ್ಕೂ ಪಕ್ಕೆ ನೋಯೋದು. ಮನೆಗೆ ಬಂದ್ಮೇಲೆ ಅವನು ನನ್ನ ಪಕ್ಕೆ ತಿಕ್ಕೋನು."

"ನನಗೆ ಹೇಳಿದ್ರೆ..."

"ಹೇಳಿದ್ರೆ ಹಡಗು ಹತ್ತಿಸ್ತಿದ್ದೆ."

"ಹತ್ತಿಸ್ತಿದ್ದೆ" ಎಂದು ಒಪ್ಪಿಕೊಂಡ ಫೆಲೆಟಿ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಬರೀ ಇದೇ ಇರಲಿಲ್ಲ" ಎಂದಳು ಅವಳು, ಕಾಗದದ ಖಾಲಿ ಭಾಗವನ್ನು ಅಂಗೈಯಿಂದ ಸವರುತ್ತ. "ಒಳ್ಳೇದೂ ಬರೆದಿದ್ದ. ತುಂಬಾ ಬರೆದಿದ್ದ. ನಿನಗೆ ಸಿಕ್ಕಿದ್ದು ಬರೀ ಅವನ ಹೆದರಿಕೆ."

"ನಾನೇ ಒರೆಸಿದ್ದು ಅಕ್ಕಾ."

"ಹ್ಞೂಂ. ನೀನೇ."

ನಿಯಮ ಅವನಿಗೆ ಗೊತ್ತಿತ್ತು. ಅಕ್ಕನ ದನಿ ಒಡೆಯುವ ಮೊದಲೇ, ಮರ್ಯಾದೆಯಿಂದ ಎದ್ದು ದೂರ ಹೋಗಬೇಕು. ಅವನು ಎರಡೂ ಕೈ ನೆಲಕ್ಕೂರಿದ.

"ಏಳಬೇಡ" ಎಂದಳು ಅಕನೆಸಿ. "ಈಗ ಅಳ್ತೀನಿ. ಜೋರಾಗಿ ಅಳ್ತೀನಿ. ನೀನು ಎಲ್ಲೂ ಹೋಗ್ಬೇಡ. ಅಲ್ಲೇ ಕೂತ್ಕೊಂಡು ಕೇಳಿಸ್ಕೋ."

ಬಾಗಿಲ ಕಂಬಕ್ಕೆ ಒರಗಿ ಅವಳು ಅತ್ತಳು. ದಾರಿಯಲ್ಲಿ ಲೊಸಾಲಿಯ ತೊಗಟೆಯ ಹೊರೆ ಹೊತ್ತು ಬರುತ್ತಿದ್ದವಳು ನಿಂತಳು, ನೋಡಿದಳು, ಬೇರೆ ದಾರಿ ಹಿಡಿದಳು. ಫೆಲೆಟಿ ಕೂತೇ ಇದ್ದ. ಕೊರಳಿನ ಎಲೆಗಳು ಬಿಸಿಲಿಗೆ ಸುರುಟಿಕೊಳ್ಳುತ್ತಿದ್ದವು. ಮಾಲೆ ತೆಗೆಯಲು ಅವಳು ಇನ್ನೂ ಬಂದಿರಲಿಲ್ಲ.